ಡೀಸೆಲ್ ಟ್ಯಾಂಕಿಗೆ ಬೀಗ ಬಿದ್ದ ವರ್ಷ

ಈಗ ನಾವಿರುವ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ದೊಡ್ಡ ಕಟ್ಟಡವಿದೆ. ಅದರ ಜನರೇಟರು ಸರಿಯಾಗಿ ನನ್ನ ಅಡುಗೆಮನೆಯ ಕಿಟಕಿಗೆ ಎದುರು. ಕರೆಂಟು ಹೋಯಿತೆಂದರೆ ಸಾಕು, ಒಂದು ಸಲ ಕೆಮ್ಮಿ, ಮೈ ಕೊಡವಿಕೊಂಡು, ಕಪ್ಪು ಹೊಗೆಯನ್ನು ನನ್ನ ಸಾರಿನ ಪಾತ್ರೆಯವರೆಗೂ ಕಳಿಸುತ್ತದೆ. ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮೊದಲು ಹೊಟ್ಟೆ ಉರಿಯುತ್ತದೆ. ಅರೆಬರೆ ಉರಿದ ಡೀಸೆಲಿನ ಆ ವಾಸನೆಯನ್ನು ಒಂದು ಇಡೀ ಮಳೆಗಾಲ ನಾನು ಗಂಡನ ಅಂಗಿಗಳಿಂದ ತಿಕ್ಕಿ ತಿಕ್ಕಿ ತೆಗೆದವಳು. ಕಿಟಕಿ ಎಳೆದು ಹಾಕಿ ಒಗ್ಗರಣೆಗೆ ಸಾಸಿವೆ ಹಾಕುತ್ತೇನೆ. ಇವರು ಹಜಾರದಲ್ಲಿ ಪೇಪರ್ ಓದುತ್ತಾ ಕುಳಿತಿರುತ್ತಾರೆ, ಏನೂ ಆಗದವರ ಹಾಗೆ.

ಇವರು ಎಂದರೆ ನಮ್ಮ ಯಜಮಾನರು, ನಂಜುಂಡಪ್ಪ. ನಾನು ವಸಂತಪುರದಿಂದ ಅರೆಕೆರೆಗೆ ಸೊಸೆಯಾಗಿ ಬಂದಾಗ ಆ ಮನೆಯ ಹೊಲದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರು. ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಹೊಲದ ತುಂಬ ಬಿಳಿ ಸುಣ್ಣದ ಗೆರೆಗಳು, ಮೂಲೆಮೂಲೆಗೆ ಸೈಟಿನ ಕಲ್ಲುಗಳು. ಎತ್ತುಗಳನ್ನು ಮಾರಿದ ದಿನ ನಮ್ಮತ್ತೆ ಮುನಿಯಮ್ಮ ಊಟ ಮಾಡಲಿಲ್ಲ. ಆಮೇಲೆ ಅವರೇ ಹಟ ಹಿಡಿದರು. "ನೆಲ ಹೋದ್ರೆ ಹೋಗ್ಲಿ, ಮನೆ ಮುಂದೆ ದುಡಿಯೋದು ಅಂತ ಏನಾದ್ರೂ ನಿಂತಿರ್ಬೇಕು" ಎಂದರು. ಹಾಗೆ ಬಂದದ್ದು ಆ ಲಾರಿ. ಹಳೆಯದು. ಹಿಂದಿನ ಮಾಲೀಕ ಅದನ್ನು ಕಲ್ಲುಕ್ವಾರಿಯಲ್ಲಿ ಓಡಿಸುತ್ತಿದ್ದನಂತೆ. ಅಲ್ಲಿನ ಧೂಳಿಗೆ ಹೆದರಿ, ಇಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಕ್ಯಾಬಿನ್ನಿನ ಹಿಂದೆ ಮೇಲಕ್ಕೇರಿಸಿ, ಅದಕ್ಕೊಂದು ಅಣಬೆಯ ಆಕಾರದ ಟೋಪಿ ಕೂರಿಸಿದ್ದ. ದೂರದಿಂದ ನೋಡಿದರೆ ಲಾರಿಯ ಮೇಲೆ ಯಾರೋ ಕುಳ್ಳಗಿನವನು ನಿಂತಿದ್ದಾನೆ ಅನ್ನಿಸುತ್ತಿತ್ತು.

ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಹಿರಿಯ ಮಗ ಇವರು, ಲಾರಿ ಓಡಿಸುವುದು. ಕಿರಿಯವನು ಮುನಿರಾಜು, ಮಾತಿನಲ್ಲಿ ಗಟ್ಟಿಗ, ಲೋಡು ಹಿಡಿಯುವುದು. ಆಗ ಬಿಟಿಎಂ ಲೇಔಟಿನಲ್ಲೂ ಜೆ.ಪಿ. ನಗರದಲ್ಲೂ ಎಲ್ಲಿ ನೋಡಿದರೂ ತಳಪಾಯ ತೋಡುತ್ತಿದ್ದರು. ಆನೇಕಲ್ ಕಡೆಯ ಗೂಡುಗಳಿಂದ ಇಟ್ಟಿಗೆ ತುಂಬಿಕೊಂಡು ಬಂದರೆ ಇಳಿಸಿಕೊಳ್ಳಲು ಜನ ರಸ್ತೆಯಲ್ಲೇ ಕಾಯುತ್ತಿದ್ದರು. ಇವರಿಗೆ ಆ ಕೆಲಸ ಎಷ್ಟು ಹಿಡಿಸಿತೆಂದರೆ, ಮದುವೆಯಾದ ಮೇಲೆ ನಾನು ಅವರ ಬಾಯಲ್ಲಿ ಹಾಡು ಕೇಳಿದ್ದು ಲಾರಿ ಬಂದ ಮೇಲೆಯೇ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ಟನ್ನು ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟುವ ಹಾಗೆ.

ಮೊದಲ ವರ್ಷದ ಆಯುಧಪೂಜೆಗೆ ನಮ್ಮತ್ತೆ ಊರ ಮಾರಮ್ಮನ ಮಡಿಲಿಗೆ ಹಾಕಿ ತಂದ ಕೆಂಪು ಬಟ್ಟೆಯನ್ನು ಲಾರಿಗೆ ಕಟ್ಟಬೇಕು ಎಂದರು. ಎಲ್ಲರೂ ಕನ್ನಡಿಗೋ ಬಂಪರಿಗೋ ಕಟ್ಟುತ್ತಾರೆ. ನಮ್ಮತ್ತೆಗೆ ಅದು ಸರಿಬರಲಿಲ್ಲ. "ಎತ್ತಿಗೆ ಕೊಂಬಿಗೆ ಕಟ್ತಿದ್ವಿ. ಅಮ್ಮನ ಬಟ್ಟೆ ತಲೆ ಮೇಲಿರ್ಬೇಕು, ಕಾಲ ಕೆಳಗಲ್ಲ" ಎಂದು, ಸ್ಟೂಲಿನ ಮೇಲೆ ಹತ್ತಿ, ಅಲ್ಲಿಂದ ಲಾರಿಯ ಮೇಲಕ್ಕೆ ಹತ್ತಿ, ಆ ಅಣಬೆಯಾಕಾರದ ಟೋಪಿಗೆ ಪೇಟದ ಹಾಗೆ ಸುತ್ತಿದರು. ಬಿಗಿಯಾಗಿ ಗಂಟು ಹಾಕಿ, ಮೇಲೆ ಅರಿಶಿನ ಕುಂಕುಮ. ಇವರೇ ಕೆಳಗೆ ನಿಂತು ಅವರ ಕಾಲು ಹಿಡಿದುಕೊಂಡಿದ್ದರು. ಬೀದಿಯವರೆಲ್ಲ ಚೆನ್ನಾಗಿದೆ ಎಂದರು. ನನಗೂ ಚೆನ್ನಾಗಿಯೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ಹಿರಿಯರು ಕಟ್ಟಿದ ಗಂಟನ್ನು ಆ ಮನೆಯಲ್ಲಿ ಬಿಚ್ಚುವ ಪದ್ಧತಿ ಇಲ್ಲ. ಬಾಗಿಲ ಮೇಲಿನ ತೆಂಗಿನಕಾಯಿ ಗಂಟೂ ಅಷ್ಟೆ, ತೊಟ್ಟಿಲ ದಾರವೂ ಅಷ್ಟೆ. ಹಳೆಯದರ ಮೇಲೆ ಹೊಸದು. ಎರಡನೆಯ ವರ್ಷ ಇನ್ನೊಂದು ಬಟ್ಟೆ ಬಂತು, ಮೂರನೆಯ ವರ್ಷ ಮತ್ತೊಂದು. ಮೇಲಿನದು ಕೆಂಪಗಿರುತ್ತಿತ್ತು, ಒಳಗಿನವು ಯಾವ ಬಣ್ಣಕ್ಕೆ ತಿರುಗಿದ್ದವೋ ಯಾರೂ ನೋಡಲಿಲ್ಲ.

ಆ ಮೂರನೆಯ ವರ್ಷದ ಹಿಂಗಾರು ಮಳೆ ಬಿಡದೆ ಹಿಡಿಯಿತು. ಆಯುಧಪೂಜೆಯ ಬಾಳೆಕಂಬ ಒಣಗುವ ಮೊದಲೇ ಕೊಳೆಯಿತು. ಬನ್ನೇರುಘಟ್ಟ ರಸ್ತೆ ಕೆಸರಿನ ಹೊಂಡವಾಗಿ, ಲಾರಿ ಮನೆಗೆ ಬರುವಾಗ ಕೆಂಪು ಮಣ್ಣಿನಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ಆಗಲೇ ಇವರು ಊಟಕ್ಕೆ ಕುಳಿತಾಗ ಒಂದು ದಿನ ಹೇಳಿದರು, "ಗಾಡಿ ಯಾಕೋ ಸರಿ ಇಲ್ಲ ಕಣೆ. ಏರಲ್ಲಿ ಎಳೀತಿಲ್ಲ. ಒಂದೇ ಸಮ ಒದ್ದಾಡ್ತದೆ." ಮರುದಿನ ನಾನೇ ಕೇಳಿದೆ. ಮೊದಲು ಒಂದೇ ಲಯದಲ್ಲಿ ಗುಡುಗುಡು ಎನ್ನುತ್ತಿದ್ದ ಇಂಜಿನ್ನು ಈಗ ನಡುನಡುವೆ ತಡವರಿಸಿ, ಮೈಯೆಲ್ಲ ನಡುಗಿಸಿ, ಮಸಿಯಂಥ ಹೊಗೆ ಉಗುಳುತ್ತಿತ್ತು. ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕಪ್ಪು ಚುಕ್ಕೆ.

ಹೊಗೆ ಯಾರಿಗೂ ದೊಡ್ಡ ವಿಷಯವಾಗಲಿಲ್ಲ. ಡೀಸೆಲ್ ಆಯಿತು. ಅದೇ ಗೂಡು, ಅದೇ ದಾರಿ, ಅದೇ ಲೋಡು. ಆದರೆ ಟ್ಯಾಂಕು ಹಿಂದಿನದಕ್ಕಿಂತ ಬಲು ಬೇಗ ಖಾಲಿಯಾಗುತ್ತಿತ್ತು. ಮುನಿರಾಜು ಮೊದಲು ಬಂಕಿನವರನ್ನು ಬೈದ, ಸೀಮೆಎಣ್ಣೆ ಬೆರೆಸುತ್ತಾರೆ ಎಂದು. ಬಂಕು ಬದಲಾಯಿತು. ಲಾರಿ ಬದಲಾಗಲಿಲ್ಲ.

ಆಮೇಲೆ ಸಿದ್ದಾಪುರದ ಮೆಕ್ಯಾನಿಕ್ ಬಾಷಾ ಅವರ ಗ್ಯಾರೇಜಿಗೆ ಓಡಾಟ ಶುರುವಾಯಿತು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ಡೀಸೆಲ್ ಫಿಲ್ಟರ್ ಬದಲಿಸಿದರು. ನೋಝಲ್‌ಗಳನ್ನು ಬಿಚ್ಚಿ ಸರ್ವಿಸ್ ಮಾಡಿಸಿದರು. ಡೀಸೆಲ್ ಪಂಪನ್ನೇ ಕಳಚಿ ಕಳಿಸಿ, ಅಳತೆ ಸರಿಮಾಡಿಸಿ ತಂದು ಕೂರಿಸಿದರು. ಬ್ರೇಕು ಹಿಡಿದುಕೊಂಡಿರಬಹುದೆಂದು ಓಡಿಸಿ ಬಂದ ಗಾಡಿಯ ಒಂದೊಂದು ಚಕ್ರಕ್ಕೂ ಕೈಯಿಟ್ಟು ಬಿಸಿ ನೋಡಿದರು. ಕೆಳಗೆ ಗಾಳಿ ಸೋಸುವ ಏರ್ ಕ್ಲೀನರಿನ ಬುಟ್ಟಿ ತೆಗೆದು, ತೊಳೆದು, ಹೊಸ ಆಯಿಲ್ ಹಾಕಿದರು. ಪ್ರತಿ ಸಲವೂ ಇವರು ನಗುಮುಖದಲ್ಲಿ ಮನೆಗೆ ಬರುತ್ತಿದ್ದರು, ಈ ಸಲ ಸಿಕ್ಕಿತು ನೋಡು ಎಂದು. ಮಾರನೆಯ ದಿನ ಇಟ್ಟಿಗೆ ತುಂಬಿ ಏರು ಹತ್ತಿಸಿದರೆ ಮತ್ತೆ ಅದೇ ಗೋಳು. ಕೊನೆಗೆ ಬಾಷಾ ಸೋತು ಮುನಿರಾಜುವಿಗೆ ಹೇಳಿದರು, "ನನ್ ಕೈಲಾಗಿದ್ದೆಲ್ಲಾ ನೋಡ್ಬಿಟ್ಟೆ ಸಾರ್. ಇಂಜಿನ್ನಲ್ಲಿ ನನಗೇನೂ ಕಾಣಿಸ್ತಿಲ್ಲ."

ಆ ಮಾತು ಮುನಿರಾಜುವಿನ ಕಿವಿಯಲ್ಲಿ ಬೇರೆಯೇ ಆಗಿ ಹೋಯಿತು. ಇಂಜಿನ್ನಲ್ಲಿ ಏನೂ ಇಲ್ಲ ಎಂದರೆ ತಪ್ಪು ಇಂಜಿನ್ನಿನ ಮುಂದೆ ಕೂರುವವನಲ್ಲಿದೆ. ಲಾರಿ ಡ್ರೈವರುಗಳು ದಾರಿಯಲ್ಲಿ ಪೈಪು ಹಾಕಿ ಡೀಸೆಲ್ ಇಳಿಸಿ ಮಾರುವುದು ಆಗ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಅವರು ಕೂಲಿಗೆ ಬಂದವರು. ಇವರು ಆ ಲಾರಿಗೆ ಅರ್ಧ ಒಡೆಯರು. ತಮ್ಮ ಮನೆಯ ಹಾಲನ್ನು ತಾವೇ ಯಾರಾದರೂ ಕದ್ದು ಕುಡಿಯುತ್ತಾರೆಯೇ? ನಾನು ಇದನ್ನು ಎಲ್ಲರೆದುರು ಕೇಳಿದೆ. ಮುನಿರಾಜು ನನ್ನ ಕಡೆ ನೋಡದೆ, "ನಾನ್ಯಾರ ಹೆಸರೂ ಹೇಳಿಲ್ವಲ್ಲ ಅತ್ತಿಗೆ. ಬೀಗ ಹಾಕಿದ್ರೆ ಎಲ್ಲರಿಗೂ ಒಳ್ಳೇದು ಅಂದೆ ಅಷ್ಟೆ" ಎಂದ.

ದೀಪಾವಳಿಯ ಹೊತ್ತಿಗೆ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕೊಂಡಿ ಬೆಸೆದು ಬೀಗ ಹಾಕಿಸಿದರು. ಡೀಸೆಲ್ ಹಾಕಿಸುವಾಗ ಮುನಿರಾಜು ಸ್ಕೂಟರಿನಲ್ಲಿ ಬಂಕಿಗೆ ಬರುವುದು, ಬೀಗ ತೆಗೆಯುವುದು, ಹಾಕುವುದು, ಬೀಗದ ಕೈ ತಂದು ತಾಯಿಗೆ ಕೊಡುವುದು. ನಮ್ಮತ್ತೆ ಅದನ್ನು ಸೊಂಟದ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಆ ಚೀಲ ನಡೆದಾಗಲೆಲ್ಲ ಕಿಣಿಕಿಣಿ ಎನ್ನುತ್ತಿತ್ತು. ನನಗೆ ಆ ಸದ್ದು ಕೇಳಿದರೆ ಮೈಯೆಲ್ಲ ಮುಳ್ಳು. ಅವರು ಬಾಯಿಬಿಟ್ಟು ಮಗನನ್ನು ಕಳ್ಳ ಎನ್ನಲಿಲ್ಲ, ನಿಜ. ಬೇಡ ಎಂದೂ ಅನ್ನಲಿಲ್ಲ. ಚೀಲದ ದಾರ ಎಳೆದು ಬೀಗದ ಕೈ ಒಳಗೆ ಹಾಕಿಕೊಂಡರಲ್ಲ, ಅಷ್ಟೇ ಸಾಕಾಯಿತು ಊರಿಗೆ.

ಬೀಗ ಬಿದ್ದ ಮೇಲೂ ಡೀಸೆಲ್ ಹಾಗೆಯೇ ಖಾಲಿಯಾಗುತ್ತಿತ್ತು. ತಲೆಯಿದ್ದವರಾದರೆ ಅಲ್ಲಿಗೆ ಯೋಚಿಸಬೇಕಿತ್ತು. ಮುನಿರಾಜು ಯೋಚಿಸಿದ್ದು ಒಂದೇ. ಅಣ್ಣ ಕೆಳಗಿನ ಪೈಪು ಸಡಿಲಿಸಿ ತೆಗೆಯುತ್ತಾನೆ. ಒಮ್ಮೆ ಅನುಮಾನ ಬಂದಮೇಲೆ ಅದಕ್ಕೆ ಬೇಕಾದ್ದನ್ನೆಲ್ಲ ಅದೇ ಹುಡುಕಿಕೊಳ್ಳುತ್ತದೆ.

ಕಾರ್ತಿಕದ ಒಂದು ಮಧ್ಯಾಹ್ನ ಮನೆಯಲ್ಲಿ ನೆಂಟರಿದ್ದರು. ಮುನಿರಾಜುವಿನ ಹೆಂಡತಿಯ ಕಡೆಯವರು, ಹಬ್ಬ ಮುಗಿಸಿಕೊಂಡು ಹೋಗಲು ಬಂದವರು. ಹೊರಗೆ ಜಡಿಮಳೆ. ಗೇಟು ತೆಗೆದ ಸದ್ದಾಯಿತು. ನೋಡಿದರೆ ಇವರು ತಲೆಯಿಂದ ಕಾಲಿನವರೆಗೆ ನೆನೆದು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನು ಹಿಡಿದು ಅಂಗಳದಲ್ಲಿ ನಿಂತಿದ್ದಾರೆ. ಇಟ್ಟಿಗೆ ತುಂಬಿದ ಲಾರಿ ಬಿಟಿಎಂ ಹತ್ತಿರ ನಡುರಸ್ತೆಯಲ್ಲಿ ಡೀಸೆಲ್ ಮುಗಿದು ನಿಂತಿತ್ತು. ಹಿಂದೆ ಬಸ್ಸುಗಳ ಸಾಲು, ಟ್ರಾಫಿಕ್ ಪೊಲೀಸಿನವನ ಬೈಗುಳ. ಇವರು ಬಂಕಿಗೆ ನಡೆದು ಕ್ಯಾನಿನಲ್ಲಿ ಡೀಸೆಲ್ ತುಂಬಿಸಿ ತಂದಿದ್ದರು. ಸುರಿಯೋಣವೆಂದರೆ ಟ್ಯಾಂಕಿಗೆ ಬೀಗ. ಗಾಡಿಯನ್ನು ಹಾಗೇ ಬಿಟ್ಟು, ಆ ಕ್ಯಾನು ಹಿಡಿದುಕೊಂಡೇ ಆಟೋದವರ ಕೈಕಾಲು ಹಿಡಿದು ಮನೆಗೆ ಬಂದಿದ್ದರು.

"ಅಮ್ಮಾ, ಕೀ ಕೊಡು" ಎಂದರು.

ನೆಂಟರಲ್ಲಿ ಒಬ್ಬ ಹೆಂಗಸು ಮೆಲ್ಲಗೆ, "ಯಾವ ಕೀ?" ಎಂದಳು. ಮುನಿರಾಜುವಿನ ಹೆಂಡತಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ನಮ್ಮ ಯಜಮಾನರನ್ನು ನೋಡಿದ ಬಗೆ ನನಗೆ ಸಾಯುವವರೆಗೂ ಮರೆಯುವುದಿಲ್ಲ. ನಮ್ಮತ್ತೆ ಚೀಲದಲ್ಲಿ ತಡಕಾಡಿದರು. ಸುಣ್ಣದ ಡಬ್ಬಿ ಬಂತು, ಅಡಿಕೆ ಬಂತು, ಕೊನೆಗೆ ಬೀಗದ ಕೈ. ಕೊಡುವಾಗ, "ಮುನಿರಾಜೂನೂ ಜೊತೇಗೆ ಕರ್ಕೊಂಡೋಗು" ಎಂದರು.

ಇವರು ಅದಕ್ಕೂ ಹೂಂ ಎಂದರು. ನನಗೆ ಆ ಕ್ಯಾನನ್ನು ಕಿತ್ತುಕೊಂಡು ಹಜಾರದ ನಡುವೆ ಸುರಿದುಬಿಡಬೇಕು ಅನ್ನಿಸಿತು. ನಾನು ಒಳಗಿನಿಂದ ಟವೆಲ್ ತಂದುಕೊಟ್ಟೆ. ಅದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ, ಹೆಗಲ ಮೇಲೆ ಹಾಕಿಕೊಂಡು ಹೊರಟರು.

ಸಂಕ್ರಾಂತಿ ಮುಗಿದ ಮೇಲೆ ಮುನಿರಾಜು ಊಟದ ಹೊತ್ತಿನಲ್ಲಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ, "ಅಣ್ಣ, ನೀನು ಸ್ವಲ್ಪ ದಿನ ರೆಸ್ಟ್ ತಗೋ. ಗಾಡಿಗೆ ಬೇರೆ ಡ್ರೈವರ್ ಇಟ್ಟಿದ್ದೀನಿ" ಎಂದ. ಕೇಳಿದ್ದಲ್ಲ, ಹೇಳಿದ್ದು. ಇವರು ನಮ್ಮತ್ತೆಯ ಮುಖ ನೋಡಿದರು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಹೊಸ ಡ್ರೈವರ್ ಬಸವರಾಜ ಬಿಜಾಪುರದ ಕಡೆಯವನು. ಬಿಟಿಎಂನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ಲಾರಿಯನ್ನೂ ಅಲ್ಲೇ ಖಾಲಿ ಸೈಟಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ನಮ್ಮ ಮನೆಯ ಮುಂದಿನ ಜಾಗದಲ್ಲಿ ಎಣ್ಣೆಯ ಕಲೆಗಳು ಮಾತ್ರ ಉಳಿದವು. ಇವರು ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಅಲ್ಲಿಗೆ ಹೋಗಿ ನಿಂತು ವಾಪಸ್ ಬರುತ್ತಿದ್ದರು.

ವಾರ ಕಳೆಯುವುದರೊಳಗೆ ಮುನಿರಾಜು ಮೀಸೆ ತಿರುವಿಕೊಂಡು ಬಂದ. ಲಾರಿ ಸರಿಹೋಗಿತ್ತು. ಹೊಗೆ ಇಲ್ಲ, ನಡುಕ ಇಲ್ಲ, ಏರಿನಲ್ಲಿ ಹೂವಿನ ಹಾಗೆ ಹತ್ತುತ್ತದಂತೆ. ಡೀಸೆಲ್ ಮೊದಲಿನ ಹಾಗೇ ಸಾಕಾಗುತ್ತಿದೆಯಂತೆ. "ನಾನೇನೂ ಹೇಳಲ್ಲಪ್ಪ, ಗಾಡೀನೇ ಹೇಳ್ತಿದೆ" ಎಂದು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ನಕ್ಕ. ಅಲ್ಲಿಗೆ ಮುಗಿಯಿತು. ಅದುವರೆಗೆ ಅನುಮಾನವಾಗಿದ್ದದ್ದು ಅವತ್ತಿನಿಂದ ಸಾಕ್ಷಿಯಾಯಿತು. ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಎಲ್ಲ ಅದೇ ಮಾತು. ನನಗೇ ಒಂದು ಘಳಿಗೆ ಮನಸ್ಸು ಅಲ್ಲಾಡಿತು. ಆ ಒಂದು ಘಳಿಗೆಯನ್ನೂ ನಾನು ಮುನಿರಾಜುವಿನ ಲೆಕ್ಕಕ್ಕೇ ಬರೆದಿದ್ದೇನೆ.

ಶಿವರಾತ್ರಿಯ ಹತ್ತಿರ ಬಸವರಾಜ ಏನೋ ಕೇಳಲು ಮನೆಗೆ ಬಂದ. ಮುನಿರಾಜು ಇರಲಿಲ್ಲ. ಕಾಫಿ ಕೊಟ್ಟೆ. ಅವನ ಮೇಲೆ ನನಗೆ ಸಿಟ್ಟಿತ್ತು. ಆದರೂ ಅವನದೇನು ತಪ್ಪು ಎಂದುಕೊಂಡು ಕೇಳಿದೆ, "ಅಲ್ಲಪ್ಪ, ಅಷ್ಟು ರಿಪೇರಿಗೆ ಬಗ್ಗದ ಗಾಡಿ ನಿನ್ ಕೈಲಿ ಹೆಂಗೆ ಸರಿಹೋಯ್ತು?"

"ನಾ ಏನೂ ಮಾಡಿಲ್ರಿ ಅಕ್ಕಾರ" ಎಂದ ಅವನು ಕಾಫಿ ಊದಿಕೊಳ್ಳುತ್ತಾ. "ಮೊದಲನೇ ದಿನ ತಾಡಪಾಲು ಕಟ್ಟಾಕ ಮ್ಯಾಲ ಹತ್ತಿದ್ನಿ. ಗಾಳಿ ಎಳಕೊಳ್ಳೋ ಪೈಪಿಗೆ ಯಾರೋ ಅರಿವಿ ಸುತ್ಯಾರ್ರಿ, ಒಂದರ ಮ್ಯಾಲ ಒಂದು. ಇಟ್ಟಂಗಿ ಧೂಳು, ಮಳಿ ನೀರು ಕೂಡಿ ಗಾರಿ ಹಾಕಿದಂಗ ಆಗಿತ್ರಿ. ಮೂಗು ಕಟ್ಟಿದ್ರ ಮನಷ್ಯಾ ಆದ್ರೂ ಹೆಂಗ ಉಸರಾಡಬೇಕ್ರಿ? ಬಿಚ್ಚಿದ್ನಿ. ಗಾಡಿ ಹೊಂಟ್ತು. ಕುಂಕುಮ ಇತ್ತು, ದೇವರ ಅರಿವಿ ಅಂತ ತಿಳೀತ್ರಿ. ಅದಕ್ಕ ನಿಮ್ಮೂರ ಗುಡಿ ಮುಂದಿನ ಬೇವಿನ ಗಿಡಕ್ಕ ಕಟ್ಟಿ, ಕೈ ಮುಗದು ಬಂದೀನ್ರಿ."

ನಾನು ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಸೀದಾ ಗುಡಿಯ ಮುಂದಕ್ಕೆ ಹೋದೆ. ಬೇವಿನ ಮರದ ಕೆಳಕೊಂಬೆಯಲ್ಲಿ ಅದು ನೇತಾಡುತ್ತಿತ್ತು. ಬಟ್ಟೆ ಎನ್ನುವ ಹಾಗೇ ಇರಲಿಲ್ಲ. ಟೋಪಿಯ ಆಕಾರ ಹಾಗೇ ಉಳಿದು, ಮಡಕೆಯ ಚೂರಿನಷ್ಟು ಗಟ್ಟಿ. ಮುಟ್ಟಿದರೆ ಕೆಂಪು ಪುಡಿ ಉದುರಿತು. ಅಷ್ಟು ದಿನ ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಸಡಿಲವಾಗಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತೆ. ಸಂತೋಷಕ್ಕೆ ಅತ್ತದ್ದು. ಇನ್ನು ನನ್ನ ಗಂಡನ ಹೆಸರು ತೊಳೆದು ಹೋಯಿತು ಎಂದುಕೊಂಡೆ.

ಮೊದಲು ಸಾಕ್ಷಿ ಬೇಕೆಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಬಾಷಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬಾಯಿ ಇಟ್ಟು ಊದಿದರು. ಗಾಳಿ ಆ ಕಡೆಗೆ ಹೋಗಲಿಲ್ಲ. ತಲೆ ಚಚ್ಚಿಕೊಂಡರು.

"ಇದೇ ಅಕ್ಕ, ಇದೇ. ಗಾಳಿ ಹೋಗ್ದಿದ್ರೆ ಡೀಸೆಲ್ ಉರಿಯಲ್ಲ, ಹೊಗೆ ಆಗಿ ಹೋಗುತ್ತೆ. ನಾನು ಕೆಳಗಿಂದು ಬಿಚ್ಚಿ ತೊಳೆದೆ, ಮೇಲಿಂದು ನೋಡ್ಲೇ ಇಲ್ಲ. ನಿಮ್ ಪೂಜೇದು, ನಾನ್ ಹೆಂಗೆ ಕೈ ಹಾಕ್ಲಿ ಅಂತ ಬಿಟ್ಟೆ."

"ಈ ಮಾತನ್ನ ನಮ್ಮನೇಗ್ ಬಂದು ಹೇಳಿ ಅಣ್ಣ. ಅಷ್ಟು ಸಾಕು."

ಅವರು ಕೈಯ ಎಣ್ಣೆಯನ್ನು ಬಟ್ಟೆಗೆ ಬಹಳ ಹೊತ್ತು ಒರೆಸಿಕೊಂಡರು. "ದೇವರ ಬಟ್ಟೆಯಿಂದ ಹಿಂಗಾಯ್ತು ಅಂತ ನಾನ್ ಬಂದು ನಿಮ್ಮತ್ತೆ ಮುಂದೆ ಹೇಳೋದು ಚೆನ್ನಾಗಿರಲ್ಲ ಅಕ್ಕ. ನೀವೇ ಯೋಚ್ನೆ ಮಾಡಿ, ಊರಲ್ಲಿ ಯಾವ್ ಥರ ಮಾತಾಗುತ್ತೆ. ಬೇಡಿ, ನನ್ ಬಿಟ್ಬಿಡಿ." ಅವರ ಹೆದರಿಕೆ ನನಗೆ ಅರ್ಥವಾಯಿತು. ಅರ್ಥವಾದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೇ ಬಂದೆ.

ಅವತ್ತು ಸಂಜೆ ಎಲ್ಲರೂ ಹಜಾರದಲ್ಲಿದ್ದಾಗ ಅದನ್ನು ತೆಗೆದು ನಡುವೆ ಇಟ್ಟೆ. ಬಸವರಾಜ ಹೇಳಿದ್ದನ್ನು, ಬಾಷಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಇವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮುನಿರಾಜು ನಕ್ಕ. "ಬಟ್ಟೆ ಡೀಸೆಲ್ ಕುಡೀತು ಅಂತೀರಾ ಅತ್ತಿಗೆ? ಹೊರಗಡೆ ಯಾರಿಗಾದ್ರೂ ಹೇಳಿ ನೋಡಿ, ಏನಂತಾರೆ." ಆದರೆ ಅವನ ನಗು ಅರ್ಧಕ್ಕೇ ನಿಂತಿತು. ಅವನು ತಾಯಿಯ ಕಡೆ ನೋಡಿದ.

ನಮ್ಮತ್ತೆ ಎದ್ದು ಬಂದರು. ಮಗನ ಕೈಯಿಂದ ಬಟ್ಟೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಇದನ್ನ ಬಿಚ್ಚೋಕೆ ಅವನಿಗೆ ಎಷ್ಟು ಧೈರ್ಯ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೂರು ವರ್ಷ ಗಾಡೀನ ಕಾಪಾಡಿದ್ದು ಇದು ಕಣಮ್ಮ. ಒಂದು ಆಕ್ಸಿಡೆಂಟ್ ಆಗ್ಲಿಲ್ಲ, ಒಂದು ಚಕ್ರ ಬರ್ಸ್ಟ್ ಆಗ್ಲಿಲ್ಲ. ಇದರ ಮೇಲೆ ಅಪವಾದ ಹೊರಿಸ್ತೀಯಲ್ಲ, ನಿನ್ ನಾಲಿಗೆ ಹೆಂಗೆ ಹೊರಳ್ತು?"

"ನಿಮ್ ಮಗನ ಮೇಲೆ ಹೊರಿಸಿದ್ರಲ್ಲ, ಅದಕ್ಕೇನಂತೀರಿ?" ಎಂದೆ.

ಅವರು ಬಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿಗೆ ವಿಚಾರಣೆ ಮುಗಿಯಿತು. ಮುನಿರಾಜು ಮಾರನೆಯ ದಿನ ಬಸವರಾಜನನ್ನು ಬಾಯಿಗೆ ಬಂದಂತೆ ಬೈದ, ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಲಾರಿ ಚೆನ್ನಾಗಿ ಓಡುತ್ತಿತ್ತಲ್ಲ.

ಇವರನ್ನು ಕೇಳಿದೆ, "ನೀವು ದಿನಾ ಹತ್ತಿ ಇಳೀತಿದ್ದೋರು. ನಿಮಗೂ ಕಾಣಿಸ್ಲಿಲ್ವಾ?"

"ಅದನ್ನ ಬಟ್ಟೆ ಅಂತ ಯಾವತ್ತಾದ್ರೂ ನೋಡಿದ್ದೀವೇನೆ ನಾವು?" ಎಂದರು. "ಅಮ್ಮ ಕಟ್ಟಿದ್ದು ಅಂತ ತಾನೆ ನೋಡಿದ್ದು."

ಅವರನ್ನು ಮತ್ತೆ ಲಾರಿಗೆ ಕರೆಯಲಿಲ್ಲ. ಬೇರೆ ಲಾರಿಯವರೂ ಕರೆಯಲಿಲ್ಲ, ಟ್ಯಾಂಕಿಗೆ ಬೀಗ ಹಾಕಿಸಿಕೊಂಡ ಡ್ರೈವರನ್ನು ಯಾರು ಕರೆಯುತ್ತಾರೆ. ಬೇಸಿಗೆ ಕಳೆದ ಮೇಲೆ ಜೆ.ಪಿ. ನಗರದ ಒಂದು ಶಾಲೆಯ ವ್ಯಾನಿಗೆ ಸೇರಿದರು. ಅಲ್ಲಿ ಯಾರಿಗೂ ಅರೆಕೆರೆಯ ಸುದ್ದಿ ಗೊತ್ತಿರಲಿಲ್ಲ.

ಮುಂದಿನ ಆಯುಧಪೂಜೆಗೆ ಲಾರಿಯನ್ನು ಮನೆಯ ಮುಂದಕ್ಕೆ ತಂದು ನಿಲ್ಲಿಸಿದರು. ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ನಮ್ಮತ್ತೆ ತಟ್ಟೆಯಲ್ಲಿ ಹೊಸ ಕೆಂಪು ಬಟ್ಟೆ ಹಿಡಿದು ಬಂದರು. ಇವರು ಪ್ರತಿ ವರ್ಷದಂತೆ ಸ್ಟೂಲು ತಂದಿಟ್ಟು, ಕಾಲು ಹಿಡಿಯಲು ಬಗ್ಗಿ ನಿಂತರು. ನಮ್ಮತ್ತೆ ಸ್ಟೂಲಿನ ಕಡೆ ನೋಡಲೇ ಇಲ್ಲ. ಮುಂದಕ್ಕೆ ನಡೆದು, ಬಟ್ಟೆಯನ್ನು ಬಂಪರಿಗೆ ಕಟ್ಟಿದರು. ಕಾಲ ಕೆಳಗಿನ ಜಾಗ ಎಂದಿದ್ದರಲ್ಲ, ಅಲ್ಲಿಗೇ. ಒಂದೇ ಗಂಟು, ಎಳೆದರೆ ಬಿಚ್ಚುವಂಥದ್ದು.

ಬೀದಿಯ ಜನ ಸುತ್ತ ನಿಂತಿದ್ದರು. ನಾನು ಗಟ್ಟಿಯಾಗಿಯೇ ಕೇಳಿದೆ, "ಯಾಕತ್ತೆ, ಈ ಸಲ ಮೇಲೆ ಕಟ್ಲಿಲ್ಲ?"

ಅವರ ಕೈ ಗಂಟಿನ ಮೇಲೆ ಹಾಗೇ ನಿಂತಿತು. ಅವರಿಗೆ ಎಲ್ಲವೂ ಗೊತ್ತಿತ್ತು. ನಾನು ಅವರ ಬಾಯಿಂದ ಒಂದೇ ಒಂದು ಮಾತು ಕೇಳಬೇಕಿತ್ತು, ಜನರ ಮುಂದೆ. ನನ್ನ ಮಗನ ತಪ್ಪಿಲ್ಲ ಎಂದು ಅಷ್ಟೇ. ಅವರು ತಲೆಯೆತ್ತದೆ, "ಕೈ ಎಟುಕಲ್ಲಮ್ಮ ಈಗ" ಎಂದರು.

ನಾನು ಬಿಡುತ್ತಿರಲಿಲ್ಲ. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಗ್ಗಿ ನಿಂತಿದ್ದ ಇವರು ಮೇಲಕ್ಕೆದ್ದು, ಎಲ್ಲರಿಗೂ ಕೇಳುವ ಹಾಗೆ, "ಹೌದು ಕಣೆ, ಅಮ್ಮಂಗೆ ಮಂಡಿನೋವಲ್ವಾ. ಹತ್ತೋಕಾಗಲ್ಲ" ಎಂದರು. ಎಂದು ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದರು. ತಾಯಿ ಮಗ ಇಬ್ಬರೂ ಸೇರಿ ಕಟ್ಟಿದ ಆ ಗಂಟನ್ನು ನನ್ನಿಂದ ಇಂದಿಗೂ ಬಿಚ್ಚಲಾಗಿಲ್ಲ.

ಒಳಗೆ ಹೋಗಿ ಇವರ ಜೊತೆ ಜಗಳವಾಡಿದೆ. ಬದುಕಿನಲ್ಲಿ ಅಷ್ಟು ಕೂಗಾಡಿದವಳಲ್ಲ. ಇವರು ಕೊನೆಗೆ ಹೇಳಿದ್ದು ಇಷ್ಟು. "ದೇವರ ಬಟ್ಟೆ ತಪ್ಪಾಯ್ತು ಅಂದ್ರೆ ಅವಳು ಇನ್ಯಾವ ದೇವರ ಮುಂದೆ ಕೂತ್ಕೊಳ್ಳೋದು? ನಾನಾದ್ರೆ ಹೆಂಗೋ ತಡ್ಕೋತೀನಿ." ಜನ ಇದನ್ನು ದೊಡ್ಡ ಗುಣ ಎನ್ನಬಹುದು. ನಾನು ಎನ್ನಲಾರೆ. ಅವರು ತಡೆದುಕೊಂಡದ್ದನ್ನು ಜೊತೆಯಲ್ಲಿ ನಾನೂ ತಡೆದುಕೊಳ್ಳಬೇಕಾಯಿತು, ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮತ್ತೆ ತೀರಿಕೊಂಡು ವರ್ಷಗಳಾದವು. ಲಾರಿ ಗುಜರಿಗೆ ಹೋಯಿತು. ನಾವು ಬೇರೆ ಮನೆ ಮಾಡಿದೆವು. ನಾನು ಯಾರಿಗೆ ಸತ್ಯ ಹೇಳಿದರೂ, ಪಾಪ, ಗಂಡನ ಪರ ಮಾತಾಡುತ್ತಾಳೆ ಎಂದು ತಲೆದೂಗಿದರು. ಸತ್ಯಕ್ಕಿಂತ ಕಳ್ಳತನವನ್ನು ನಂಬುವುದು ಅವರಿಗೆ ಸುಲಭವಾಗಿತ್ತು.

ಮೊನ್ನೆ ಮುನಿರಾಜುವಿನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಇವರು ಒಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಮುನಿರಾಜುವಿನ ಮೊಮ್ಮಗಳು, ಐದಾರು ವರ್ಷದ ಮುದ್ದಾದ ಮಗು, ಹೋಳಿಗೆಯ ತಟ್ಟೆ ಹಿಡಿದು ಓಡಿ ಬಂತು. "ಡೀಸೆಲ್ ತಾತಾ! ಡೀಸೆಲ್ ತಾತಾ!" ಎಂದು ಕೂಗಿತು. ಮಗುವಿಗೆ ಅರ್ಥ ಗೊತ್ತಿಲ್ಲ. ಆ ಮನೆಯಲ್ಲಿ ನನ್ನ ಗಂಡನಿಗೆ ಅದೇ ಹೆಸರು. ಮಗು ಹುಟ್ಟಿದಂದಿನಿಂದ ಕೇಳಿದ್ದು ಅದನ್ನೇ. ನಾನು ಎದ್ದೇ ಬಿಟ್ಟೆ. ಆದರೆ ಇವರು ಆಗಲೇ ಆ ಕಡೆ ತಿರುಗಿ, ಎರಡೂ ಕೈ ಚಾಚಿ, "ಏನ್ ಪುಟ್ಟಾ?" ಎಂದು ಓಗೊಟ್ಟಿದ್ದರು.